ಭಾರ ಹಾಕುವುದು ಯಾರ ಮೇಲೆ?

ಪ್ರಶ್ನೆ: ನಾನು ಕಾಸರಗೋಡಿನ ಪೆರ್ಲದ ಹತ್ತಿರದವಳು, ವಯಸ್ಸು 36. ಗಂಡನಿಗೆ ಹನ್ನೊಂದು ವರ್ಷದಿಂದ ಶಾರ್ಜಾದಲ್ಲಿ ಕೆಲಸ. ಮನೆಯಲ್ಲಿ ಅತ್ತೆ, ಎರಡು ಮಕ್ಕಳು, ಸ್ವಲ್ಪ ಅಡಿಕೆ ತೋಟ. ಗಂಡ ಕೆಟ್ಟವರಲ್ಲ, ತಿಂಗಳು ತಿಂಗಳು ಹಣ ಕಳಿಸುತ್ತಾರೆ. ಆದರೆ ಮಾತು ಕಮ್ಮಿ. ನಾನು ಕಳಿಸಿದ ಮೆಸೇಜಿಗೆ ನೀಲಿ ಗೆರೆ ಬಿದ್ದು ಎರಡು ದಿನವಾದರೂ ಉತ್ತರ ಬಾರದಿದ್ದರೆ ನನಗೆ ಎದೆ ಹಿಡಿದ ಹಾಗಾಗುತ್ತಿತ್ತು. ರಾತ್ರಿ ಎದ್ದೆದ್ದು ಅವರು ಆನ್‌ಲೈನ್ ಇದ್ದಾರಾ ಎಂದು ನೋಡುತ್ತಿದ್ದೆ. ಫೋನ್ ಬಂದ ದಿನ ಜಗಳ. ಕಳೆದ ವರ್ಷ ಯೋಗ ತರಗತಿಗೆ ಸೇರಿದೆ. ಅಲ್ಲಿ ಈಶ್ವರಪ್ರಣಿಧಾನದ ಬಗ್ಗೆ ಹೇಳುವಾಗ ಗುರುಗಳು ‘ಯಾರಿಂದಲೂ ಏನನ್ನೂ ಬಯಸಬೇಡಿ, ಶರಣಾಗಿ’ ಎಂದರು. ಹೆಣ್ಣಿಗೆ ಗಂಡನೇ ದೇವರು ಎಂದು ಅತ್ತೆಯೂ ಹೇಳುತ್ತಾರೆ. ನಾಲ್ಕು ತಿಂಗಳಿಂದ ನಾನು ಏನೂ ಕೇಳುತ್ತಿಲ್ಲ. ಜಗಳ ನಿಂತಿದೆ. ಆದರೆ ಈಗ ಫೋನ್ ಬಂದರೆ ಖುಷಿಯೂ ಇಲ್ಲ, ಬಾರದಿದ್ದರೆ ಬೇಸರವೂ ಇಲ್ಲ. ಹೆಗಲು ಮಾತ್ರ ಯಾವಾಗಲೂ ಬಿಗಿದುಕೊಂಡೇ ಇರುತ್ತದೆ, ನಿದ್ದೆ ಸರಿ ಇಲ್ಲ. ಇದು ಶರಣಾಗತಿಯೋ, ಅಲ್ಲ ನಾನು ಕಲ್ಲಾಗಿಬಿಟ್ಟೆನೋ? ನಿಜವಾಗಿ ಶರಣಾದವರಿಗೆ ಗಂಡನ ಪ್ರೀತಿ ಬೇಕು ಅನ್ನಿಸಬಾರದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅದನ್ನು ತಲೆಯಲ್ಲಿ ಹೊತ್ತುಕೊಂಡು ನೀವು ಉಳಿದದ್ದನ್ನು ಓದುವುದು ಬೇಡ. ಗಂಡನ ಪ್ರೀತಿ ಬೇಕು ಅನ್ನಿಸಬಹುದು. ಹಾಗೆ ಅನ್ನಿಸಿದ ಮಾತ್ರಕ್ಕೆ ನಿಮ್ಮ ಸಾಧನೆ ಕೆಡುವುದಿಲ್ಲ. ನಾಲ್ಕು ತಿಂಗಳಿಂದ ನೀವು ಮಾಡಿದ್ದು ಈಶ್ವರಪ್ರಣಿಧಾನ ಅಲ್ಲ ಎಂದು ನನಗೆ ಅನ್ನಿಸುತ್ತದೆ. ಅದು ನಿಮ್ಮ ತಪ್ಪೂ ಅಲ್ಲ. ಆ ಮಾತನ್ನು ನಿಮಗೆ ಅರ್ಧಕ್ಕೇ ನಿಲ್ಲಿಸಿ ಹೇಳಿಕೊಟ್ಟಿದ್ದಾರೆ.

ಪೂರ್ತಿ ಮಾತು ಏನೆಂದು ನೋಡೋಣ. ‘ಪ್ರ’ ಎಂದರೆ ಮುಂದೆ, ‘ನಿ’ ಎಂದರೆ ಕೆಳಗೆ, ‘ಧಾ’ ಎಂದರೆ ಇಡು. ಮುಂದೆ ಇಳಿಸಿ ಇಡುವುದು ಪ್ರಣಿಧಾನ. ನಾವು ದಿನವೂ ಆಡುವ ನಿಧಾನ, ನಿಧಿ ಎರಡೂ ಅದೇ ಧಾತುವಿನಿಂದ ಬಂದವು. ನಮ್ಮ ಮನೆಗಳಲ್ಲಿ ಇದಕ್ಕೆ ಇನ್ನೂ ಒಳ್ಳೆಯ ಮಾತು ಉಂಟು: ದೇವರ ಮೇಲೆ ಭಾರ ಹಾಕುವುದು. ತಲೆಹೊರೆ ಹೊತ್ತು ಗುಡ್ಡ ಹತ್ತಿದವರು ಹೊರೆಯನ್ನು ಕಟ್ಟೆಯ ಮೇಲೆ ಇಳಿಸುತ್ತಾರಲ್ಲ, ಹಾಗೆ. ಇಳಿಸಿದ ಮೇಲೆ ಕುತ್ತಿಗೆ ಹಗುರಾಗಬೇಕು. ನೀವು ಬರೆದದ್ದು ಹೆಗಲು ಬಿಗಿದೇ ಇದೆ ಎಂದು. ಹಾಗಾದರೆ ಹೊರೆ ಇನ್ನೂ ಕೆಳಗಿಳಿದಿಲ್ಲ, ತಲೆಯಿಂದ ಹೆಗಲಿಗೆ ಜಾರಿದೆ ಅಷ್ಟೆ.

ಯೋಗಸೂತ್ರ ಬರೆದ ಪತಂಜಲಿ ಈಶ್ವರಪ್ರಣಿಧಾನವನ್ನು ಒಂದಕ್ಕಿಂತ ಹೆಚ್ಚು ಕಡೆ ಹೇಳುತ್ತಾನೆ. ಮೊದಲನೆಯ ಪಾದದ, ಅಂದರೆ ಅಧ್ಯಾಯದ, 23ನೆಯ ಸೂತ್ರದಲ್ಲಿ ‘ಈಶ್ವರಪ್ರಣಿಧಾನಾದ್ವಾ’. ಕೊನೆಯ ‘ವಾ’ ಗಮನಿಸಿ. ‘ಅಥವಾ ಹೀಗೂ ಆಗಬಹುದು’ ಎಂದು ತೋರಿಸಿದ ದಾರಿ ಅದು. ಎರಡನೆಯ ಪಾದ ತೆರೆಯುವುದೇ ‘ತಪಃಸ್ವಾಧ್ಯಾಯೇಶ್ವರಪ್ರಣಿಧಾನಾನಿ ಕ್ರಿಯಾಯೋಗಃ’ ಎಂಬ ಸೂತ್ರದಿಂದ. ಇಲ್ಲಿ ಅದು ಒಂಟಿಯಾಗಿಲ್ಲ. ಮೊದಲು ತಪಸ್ಸು ಬರುತ್ತದೆ, ಅಂದರೆ ಮಾಡಬೇಕಾದ್ದನ್ನು ಕಷ್ಟವಾದರೂ ಮಾಡುವುದು. ಆಮೇಲೆ ಸ್ವಾಧ್ಯಾಯ. ಶಾಸ್ತ್ರ ಓದುವುದೂ ಮಂತ್ರ ಜಪಿಸುವುದೂ ಅದರ ಮೂಲ ಅರ್ಥ. ನನ್ನೊಳಗೆ ಏನು ನಡೆಯುತ್ತಿದೆ ಎಂದು ಓದಿಕೊಳ್ಳುವುದನ್ನೂ ನಾನು ಅದಕ್ಕೆ ಸೇರಿಸುತ್ತೇನೆ. ಮೂರನೆಯದು ಪ್ರಣಿಧಾನ. ನಿಮಗೆ ಮೊದಲ ಎರಡನ್ನು ಬಿಟ್ಟು ಮೂರನೆಯದನ್ನು ಮಾತ್ರ ಕೊಟ್ಟಿದ್ದಾರೆ. ಸಂಬಂಧದಲ್ಲಿ ತಪಸ್ಸು ಎಂದರೆ ನನ್ನ ಪ್ರಕಾರ, ಬಾಯಿ ತೆರೆದು ಹೇಳಲು ಹೆದರಿಕೆಯಾಗುವ ಮಾತನ್ನು ಹೇಳುವುದು.

ಈಗ ಆ ಭಾರವನ್ನು ಯಾರ ಮೇಲೆ ಹಾಕುವುದು ಎಂಬ ವಿಷಯಕ್ಕೆ ಬರೋಣ. ಪತಂಜಲಿ ಇದನ್ನು ನಮ್ಮ ಊಹೆಗೆ ಬಿಟ್ಟಿಲ್ಲ. ಮೊದಲ ಪಾದದ 24ನೆಯ ಸೂತ್ರ: ‘ಕ್ಲೇಶಕರ್ಮವಿಪಾಕಾಶಯೈರಪರಾಮೃಷ್ಟಃ ಪುರುಷವಿಶೇಷ ಈಶ್ವರಃ’. ಕ್ಲೇಶ, ಕರ್ಮ, ಕರ್ಮದ ಫಲ, ಒಳಗೆ ಉಳಿದ ಸಂಸ್ಕಾರದ ಗಂಟು, ಈ ನಾಲ್ಕೂ ಮುಟ್ಟದ ವಿಶೇಷ ಪುರುಷನೇ ಈಶ್ವರ. ಈ ಲಕ್ಷಣವನ್ನು ಮುಂದಿಟ್ಟುಕೊಂಡು ನಿಮ್ಮ ಅತ್ತೆಯ ಮಾತನ್ನು ನೋಡಿ. ಶಾರ್ಜಾದಲ್ಲಿ ಬಿಸಿಲಲ್ಲಿ ದುಡಿದು, ರೂಮಿನಲ್ಲಿ ನಾಲ್ಕು ಜನರ ಜೊತೆ ಮಲಗಿ, ಮನೆಯ ಸಾಲ, ಮಕ್ಕಳ ಫೀಸು, ವೀಸಾದ ಚಿಂತೆ ಎಲ್ಲ ಹೊತ್ತ ಮನುಷ್ಯನಿಗೆ ಈ ನಾಲ್ಕೂ ಮುಟ್ಟಿವೆ. ನಿಮಗೂ ಮುಟ್ಟಿವೆ, ನನಗೂ. ಮನುಷ್ಯನನ್ನು ಈಶ್ವರನ ಜಾಗದಲ್ಲಿ ಕೂರಿಸುವುದಕ್ಕೆ ಯೋಗಶಾಸ್ತ್ರದಲ್ಲಿ ಎಡೆಯೇ ಇಲ್ಲ. ಹಾಗೆ ಕೂರಿಸಿದರೆ ನಿಮಗಷ್ಟೇ ಅಲ್ಲ, ಅವರಿಗೂ ಅನ್ಯಾಯ. ದೇವರು ಎಂದ ಮೇಲೆ ಅವರ ಒಂದು ‘ಹೂಂ’ ವರವಾಗುತ್ತದೆ, ಎರಡು ದಿನದ ಮೌನ ಶಾಪವಾಗುತ್ತದೆ. ಕೆಲಸದಿಂದ ಸುಸ್ತಾಗಿ ಮಲಗಿಬಿಟ್ಟ ಒಬ್ಬ ಸಾಮಾನ್ಯ ಗಂಡಸಿನ ಮೌನಕ್ಕೆ ಅಷ್ಟು ದೊಡ್ಡ ಅರ್ಥ ಬಂದದ್ದು ಎಲ್ಲಿಂದ? ನಾವು ಅವರನ್ನು ಕೂರಿಸಿದ ಪೀಠದಿಂದ.

ನೀವು ಕಾಞಂಗಾಡಿನ ಆನಂದಾಶ್ರಮಕ್ಕೆ ಹೋಗಿರಬಹುದು. 1931ರಲ್ಲಿ ಅದನ್ನು ಕಟ್ಟಿದ ಸ್ವಾಮಿ ರಾಮದಾಸರು ನಮ್ಮ ಹೊಸದುರ್ಗದವರೇ, 1922ರಲ್ಲಿ ಮನೆ ಬಿಟ್ಟವರು. ಸಿಕ್ಕಿದ ಊಟ, ಸಿಗದ ಊಟ, ಬೈದವರು, ಆದರಿಸಿದವರು, ಎಲ್ಲವೂ ರಾಮನೇ ಎಂದು ದೇಶ ಸುತ್ತಿದರು. ಶರಣಾಗತಿ ಎಂದರೆ ನಮ್ಮ ಸೀಮೆಯಲ್ಲಿ ತಟ್ಟನೆ ಕಣ್ಣ ಮುಂದೆ ಬರುವುದು ಅವರೇ. ಅವರ ಬದುಕಿನಲ್ಲೂ ಭಾರ ಬಿದ್ದದ್ದು ರಾಮನ ಮೇಲೆ. ‘ನೀವೇ ನನಗೆ ಗತಿ, ನೀವು ಮಾತಾಡದಿದ್ದರೆ ನಾನಿಲ್ಲ’ ಎಂದು ಅವರು ಯಾವ ಮನುಷ್ಯನ ಮುಂದೆಯೂ ನಿಲ್ಲಲಿಲ್ಲ. ಅಲ್ಲದೆ ಅದು ಸನ್ಯಾಸಿಯ ದಾರಿ. ಎರಡು ಮಕ್ಕಳನ್ನು ಶಾಲೆಗೆ ಕಳಿಸಬೇಕಾದವಳಿಗೆ ಅದನ್ನೇ ಅಳತೆಗೋಲು ಮಾಡಿದರೆ ನಡೆಯುವುದಿಲ್ಲ.

ಹಾಗಾದರೆ ಗೃಹಸ್ಥರು ಏನನ್ನು ಇಳಿಸಿಡುವುದು? ಯೋಗಸೂತ್ರದ ಹಳೆಯ ವ್ಯಾಖ್ಯಾನವಾದ ವ್ಯಾಸಭಾಷ್ಯ ಕ್ರಿಯಾಯೋಗದ ಸೂತ್ರಕ್ಕೆ ಬರೆದ ಒಂದು ಸಾಲು ಇಲ್ಲಿ ಕೈಹಿಡಿಯುತ್ತದೆ: ‘ಸರ್ವಕ್ರಿಯಾಣಾಂ ಪರಮಗುರಾವರ್ಪಣಂ ತತ್ಫಲಸಂನ್ಯಾಸೋ ವಾ’. ಎಲ್ಲ ಕ್ರಿಯೆಗಳನ್ನು ಪರಮಗುರುವಿಗೆ ಅರ್ಪಿಸುವುದು, ಇಲ್ಲವೇ ಅವುಗಳ ಫಲವನ್ನು ಬಿಡುವುದು. ಅರ್ಪಿಸಬೇಕಾದರೆ ಮೊದಲು ಕ್ರಿಯೆ ಇರಬೇಕು. ಮಾಡದೇ ಇದ್ದ ಕೆಲಸದ ಫಲವನ್ನು ಯಾರೂ ಬಿಡಲಿಕ್ಕಾಗುವುದಿಲ್ಲ.

ನನಗೆ ಇದು ಅರ್ಥವಾದದ್ದು ಪುಸ್ತಕದಿಂದಲ್ಲ, ಅಪ್ಪನಿಂದ. ಮಳೆಗಾಲಕ್ಕೆ ಮೊದಲು ಅಡಿಕೆಗೆ ಮದ್ದು ಬಿಡುವುದು ನಿಮಗೆ ಗೊತ್ತೇ ಇದೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕಲಸಿ, ತಿಳಿನೀಲಿ ದ್ರಾವಣವಾದ ಮೇಲೆ ಅಪ್ಪ ತಿಕ್ಕಿ ಹೊಳಪು ಮಾಡಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ, ಎತ್ತಿ, ಬೆಳಕಿಗೆ ಹಿಡಿಯುತ್ತಿದ್ದರು. ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದು ಎಂದು ಅರ್ಥ. ಇನ್ನಷ್ಟು ಸುಣ್ಣದ ತಿಳಿ ಹೊಯ್ದು ಮತ್ತೆ ಅದ್ದುವುದು. ಕೆಂಪು ಪೂರ್ತಿ ಹೋಗುವ ತನಕ ಅವರು ಯಾರನ್ನೂ ಮರ ಹತ್ತಲು ಬಿಡುತ್ತಿರಲಿಲ್ಲ. ಒಂದೊಂದು ಗೊನೆಗೂ ಮದ್ದು ಬಿತ್ತೇ ಎಂದು ಕೆಳಗೆ ನಿಂತು, ಕತ್ತು ನೋಯುವಷ್ಟು ಹೊತ್ತು ನೋಡುತ್ತಿದ್ದರು. ಅಷ್ಟೆಲ್ಲ ಆದ ಮೇಲೆ ಸಂಜೆ ಸ್ನಾನ ಮಾಡಿ, ದೇವರ ಮುಂದೆ ದೀಪ ಹಚ್ಚಿ, ಜಗಲಿಯಲ್ಲಿ ಕೂತು ‘ಇನ್ನು ಅವನು ನೋಡಿಕೊಳ್ಳಲಿ’ ಎನ್ನುತ್ತಿದ್ದರು. ಒಂದು ವರ್ಷ ಆಟಿಯ ಮಳೆ ಬಿಡಲೇ ಇಲ್ಲ. ಕೊಳೆರೋಗ ಬಂದು ಬುಡದಲ್ಲಿ ಹಸಿ ಅಡಿಕೆ ಹಾಸಿದ ಹಾಗೆ ಬಿತ್ತು. ಅಪ್ಪ ಹೆಕ್ಕಿ ಗೋಣಿಗೆ ತುಂಬಿದರು, ಬೇಸರಪಟ್ಟರು, ಯಾರನ್ನೂ ಬೈಯಲಿಲ್ಲ. ಮೂರನೆಯ ದಿನ ಸ್ವಲ್ಪ ಬಿಸಿಲು ಬಿದ್ದದ್ದೇ ಮತ್ತೆ ಮೈಲುತುತ್ತು ತೂಗತೊಡಗಿದರು.

ಅವನು ನೋಡಿಕೊಳ್ಳಲಿ ಎಂದವರು ಎರಡನೆಯ ಸಲ ಮದ್ದು ಬಿಡುವುದನ್ನು ನಿಲ್ಲಿಸಲಿಲ್ಲ. ಅವರಿಗೆ ಅದರಲ್ಲಿ ವಿರೋಧವೇ ಕಾಣಲಿಲ್ಲ.

ನಿಮ್ಮ ವಿಷಯದಲ್ಲಿ ಕೇಳುವುದು ಕ್ರಿಯೆ, ಅವರ ಉತ್ತರ ಫಲ. ನೀವು ಫಲದ ಜೊತೆಗೆ ಕ್ರಿಯೆಯನ್ನೂ ಬಿಟ್ಟಿರಿ. ಯಾಕೆ ಬಿಟ್ಟಿರಿ ಎಂದು ನಿಮ್ಮನ್ನೇ ಮೆಲ್ಲ ಕೇಳಿಕೊಳ್ಳಿ. ಕೇಳಿದರೆ ಅವರು ಏನನ್ನುತ್ತಾರೋ, ಏನೂ ಅನ್ನದೆ ಇರುತ್ತಾರೋ ಎಂಬ ನೋವಿನ ಹೆದರಿಕೆ ಅಲ್ಲವೇ? ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಈ ಬಿಡುವಿಕೆಗೆ ಹೆಸರೇ ಉಂಟು. ದುಃಖವಾಗುತ್ತದೆ, ದೇಹಕ್ಕೆ ಕಷ್ಟವಾಗುತ್ತದೆ ಎಂಬ ಭಯದಿಂದ ಕರ್ಮವನ್ನು ಬಿಟ್ಟರೆ ಅದು ರಾಜಸ ತ್ಯಾಗ, ಅಂಥವನಿಗೆ ತ್ಯಾಗದ ಫಲ ಸಿಗುವುದಿಲ್ಲ ಎಂದು ಕೃಷ್ಣ ಹೇಳುತ್ತಾನೆ. ನಾಲ್ಕು ತಿಂಗಳು ಬಿಟ್ಟರೂ ಶಾಂತಿ ಬರಲಿಲ್ಲ ಎಂದು ನೀವು ಬರೆದದ್ದನ್ನು ಓದುವಾಗ ನನಗೆ ನೆನಪಾದದ್ದು ಈ ಶ್ಲೋಕ.

ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಆ ಸೀಮೆಯ ನಮಗೆ ತಾಳಮದ್ದಳೆ ಹೊಸತಲ್ಲ. ದ್ರೌಪದಿಯ ವಸ್ತ್ರಾಪಹಾರವನ್ನು ನೀವು ಎಷ್ಟೋ ಸಲ ಕೇಳಿರುತ್ತೀರಿ. ಎರಡೂ ಕೈ ಮೇಲೆತ್ತಿ ‘ಕೃಷ್ಣಾ’ ಎಂದಳು, ಸೀರೆ ಬೆಳೆಯಿತು, ಇದೇ ಪೂರ್ಣ ಶರಣಾಗತಿ ಎಂದು ಪ್ರವಚನಗಳಲ್ಲಿ ಹೇಳುತ್ತಾರೆ. ಆ ಗಳಿಗೆಗೆ ಓಡುವ ಆತುರದಲ್ಲಿ ಅದಕ್ಕೆ ಮುಂಚೆ ನಡೆದದ್ದು ಹಿಂದೆ ಉಳಿಯುತ್ತದೆ. ಕರೆಯಲು ಬಂದ ಪ್ರಾತಿಕಾಮಿಯ ಕೈಯಲ್ಲಿ ಅವಳು ಒಂದು ಪ್ರಶ್ನೆ ಕೊಟ್ಟು ವಾಪಸು ಕಳಿಸುತ್ತಾಳೆ: ರಾಜ ಮೊದಲು ಸೋತದ್ದು ತನ್ನನ್ನೋ ನನ್ನನ್ನೋ? ಎಳೆದು ತಂದ ಮೇಲೂ ತುಂಬಿದ ಸಭೆಯಲ್ಲಿ ಅದನ್ನೇ ಕೇಳುತ್ತಾಳೆ. ಭೀಷ್ಮನಂಥವನು ಧರ್ಮ ಸೂಕ್ಷ್ಮ ಎಂದು ತಡವರಿಸಿದ. ಅವಳು ಕೇಳಿ ಕೇಳಿ, ಉತ್ತರ ಕೊಡಬೇಕಾದವರೆಲ್ಲ ತಲೆ ತಗ್ಗಿಸಿದ ಮೇಲೆ ಕೈಬಿಟ್ಟವಳು. ಆಗಲೂ ಶರಣಾದದ್ದು ಕೃಷ್ಣನಿಗೆ, ಅಲ್ಲೇ ಕೂತಿದ್ದ ಐವರು ಗಂಡಂದಿರಲ್ಲಿ ಯಾರಿಗೂ ಅಲ್ಲ. ನಿಮ್ಮ ಅತ್ತೆಗೆ ಇದನ್ನು ವಾದಕ್ಕಾಗಿ ಹೇಳಬೇಡಿ. ನಿಮ್ಮ ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಕು.

ಕಲ್ಲಾಗಿಬಿಟ್ಟೆನೋ ಎಂದು ಕೇಳಿದ್ದೀರಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಸಾಧಕರು ಅತಿ ಹೆಚ್ಚು ಮೋಸ ಹೋಗುವುದನ್ನು ನಾನು ಇಲ್ಲಿಯೇ ಕಂಡಿದ್ದೇನೆ. ಅವಿದ್ಯೆ, ಅಸ್ಮಿತೆ ಅಂದರೆ ನಾನು ಎಂಬ ಭಾವ, ರಾಗ, ದ್ವೇಷ, ಅಭಿನಿವೇಶ ಅಂದರೆ ಬದುಕಿಗೆ ಅಂಟಿಕೊಳ್ಳುವ ಭಯ, ಎಂದು ಕ್ಲೇಶಗಳು ಐದು. ಎರಡನೆಯ ಪಾದದ ನಾಲ್ಕನೆಯ ಸೂತ್ರ ಇವುಗಳಿಗೆ ನಾಲ್ಕು ಅವಸ್ಥೆ ಹೇಳುತ್ತದೆ: ಪ್ರಸುಪ್ತ, ತನು, ವಿಚ್ಛಿನ್ನ, ಉದಾರ. ಉದಾರ ಎಂದರೆ ಎದ್ದು ಕುಣಿಯುವುದು. ರಾತ್ರಿ ಎರಡು ಗಂಟೆಗೆ ಫೋನ್ ತೆರೆದು ನೋಡಿದ್ದು ಅದು. ತನು ಎಂದರೆ ತೆಳ್ಳಗಾಗುವುದು. ಪ್ರಸುಪ್ತ ಎಂದರೆ ಮಲಗಿರುವುದು, ಬೀಜದ ಹಾಗೆ. ವಿಚ್ಛಿನ್ನ ಎಂದರೆ ಇನ್ನೊಂದು ಮೇಲೆ ಬಂದು ತಾತ್ಕಾಲಿಕವಾಗಿ ತಡೆದಿರುವುದು. ಒಂದರ ಮೇಲೆ ಪ್ರೀತಿ ಎದ್ದಿರುವಾಗ ಕೋಪ ಕಾಣದಿದ್ದರೆ ಕೋಪ ಸತ್ತಿದೆ ಎಂದಲ್ಲ. ಕ್ರಿಯಾಯೋಗದ ಉದ್ದೇಶ ಕ್ಲೇಶವನ್ನು ತನು ಮಾಡುವುದು ಎಂದು ಪತಂಜಲಿ ಸ್ಪಷ್ಟವಾಗಿ ಹೇಳಿದ್ದಾನೆ, ಮಲಗಿಸುವುದು ಎಂದಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ: ಜಗಳ ಇಲ್ಲ, ಅಳು ಇಲ್ಲ. ಒಳಗಿನ ಗುರುತು ಬೇರೆ. ತೆಳುವಾದಾಗ ನೋವು ಕಡಿಮೆಯಾಗುತ್ತದೆ, ಪ್ರೀತಿ ಉಳಿಯುತ್ತದೆ. ಮಲಗಿಸಿದಾಗ ನೋವಿನ ಜೊತೆ ಖುಷಿಯೂ ಹೋಗುತ್ತದೆ. ಫೋನ್ ಬಂದರೂ ಖುಷಿ ಇಲ್ಲ ಎಂದಿರಿ.

ದೇಹ ಹೇಳುವ ಗುರುತೂ ಉಂಟು. ಚಿತ್ತ ಕದಡಿದಾಗ ಜೊತೆಗೆ ಬರುವ ನಾಲ್ಕನ್ನು ಮೊದಲ ಪಾದದ 31ನೆಯ ಸೂತ್ರ ಎಣಿಸುತ್ತದೆ: ದುಃಖ, ದೌರ್ಮನಸ್ಯ, ಅಂಗಮೇಜಯತ್ವ ಅಂದರೆ ಅಂಗಗಳು ನಡುಗುವುದು, ಮತ್ತು ಉಸಿರಿನ ಏರುಪೇರು. ಮನಸ್ಸು ಸುಮ್ಮನಾಗಿದೆ ಎಂದು ಬಾಯಿ ಹೇಳಬಹುದು. ಮೈ, ಉಸಿರು ಬೇರೆ ಹೇಳುತ್ತಿದ್ದರೆ ಅವುಗಳನ್ನು ನಂಬಿ.

ಇದನ್ನೇ ಮನಶ್ಶಾಸ್ತ್ರಜ್ಞರು ಬೇರೆ ದಾರಿಯಿಂದ ಬಂದು ಕಂಡರು. ಮೇರಿ ಐನ್ಸ್‌ವರ್ತ್ ಎಂಬ ವಿದುಷಿ ಉಗಾಂಡಾದ ಹಳ್ಳಿಗಳಲ್ಲಿ, ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ತಾಯಿ ಮಗುವನ್ನು ವರ್ಷಗಟ್ಟಲೆ ಗಮನಿಸಿದವರು. ಅವರು ಮಾಡಿದ ಒಂದು ಪ್ರಯೋಗ ಹೀಗೆ: ಆಟಿಕೆ ಇಟ್ಟ ಕೋಣೆ, ವರ್ಷ ತುಂಬಿದ ಮಗು, ತಾಯಿ. ಸ್ವಲ್ಪ ಹೊತ್ತಿಗೆ ಒಬ್ಬಳು ಅಪರಿಚಿತೆ ಬರುತ್ತಾಳೆ. ತಾಯಿ ಎದ್ದು ಹೊರಗೆ ಹೋಗುತ್ತಾಳೆ, ಕೆಲವು ನಿಮಿಷದಲ್ಲಿ ಮರಳುತ್ತಾಳೆ. ಹೀಗೆ ಎರಡು ಸಲ. ಹೋದಾಗ ಮಗು ಅತ್ತಿತೇ ಎಂಬುದಕ್ಕಿಂತ, ಮರಳಿದಾಗ ಏನು ಮಾಡಿತು ಎಂಬುದು ಅವರಿಗೆ ಮುಖ್ಯವಾಗಿತ್ತು. ಭದ್ರತೆ ಇದ್ದ ಮಗು ಅಳುತ್ತಿದ್ದರೂ ತಾಯಿ ಬಂದೊಡನೆ ಹತ್ತಿರ ಹೋಗಿ, ಅಪ್ಪಿಕೊಂಡು, ಸಮಾಧಾನವಾಗಿ ಮತ್ತೆ ಆಟಕ್ಕೆ ಮರಳಿತು. ಇನ್ನೊಂದು ಬಗೆಯ ಮಗು ಅಪ್ಪಿಕೊಂಡೂ ಸಮಾಧಾನವಾಗದೆ ಒದೆಯಿತು, ಸಿಟ್ಟು ಮಾಡಿತು. ಅದರಲ್ಲಿ ಮೊದಲಿನ ನಿಮ್ಮನ್ನು ನೀವು ಗುರುತಿಸಬಹುದು. ಮೂರನೆಯ ಬಗೆಯ ಮಗು ಅಳಲೇ ಇಲ್ಲ. ತಾಯಿ ಬಂದರೂ ತಲೆ ಎತ್ತದೆ ಆಟಿಕೆ ತಿರುಗಿಸುತ್ತಾ ಕೂತಿತು. ನೋಡಿದವರು ಎಷ್ಟು ಜಾಣ, ಎಷ್ಟು ಶಾಂತ ಎನ್ನಬೇಕು. ಆಮೇಲೆ ಬಂದ ಸಂಶೋಧಕರು ಅಂಥ ಮಕ್ಕಳ ಹೃದಯದ ಬಡಿತ ಅಳೆದು ನೋಡಿದರು. ಬಡಿತ ಏರಿಯೇ ಇತ್ತು. ಕೇಳಿ ಸಿಗದ್ದನ್ನು ಕೇಳದಿರಲು ಆ ಮಗು ಕಲಿತಿತ್ತು ಅಷ್ಟೆ. ಈ ಮೂರನೆಯ ಮಗುವಿನ ಬಗ್ಗೆ ಓದಿದಾಗಲೆಲ್ಲ ನನಗೆ ‘ಪ್ರಸುಪ್ತ’ ಶಬ್ದ ನೆನಪಾಗುತ್ತದೆ.

ಐನ್ಸ್‌ವರ್ತ್ ಅವರ ಜೊತೆ ಈ ಶಾಸ್ತ್ರವನ್ನು ಕಟ್ಟಿದ ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ. ನೆಚ್ಚಿಕೊಳ್ಳುವುದು ಎಳೆತನದ ದೌರ್ಬಲ್ಯವಲ್ಲ, ತೊಟ್ಟಿಲಿನಿಂದ ಚಟ್ಟದವರೆಗೂ ಮನುಷ್ಯನ ಸ್ವಭಾವ ಎಂದು ಅವರು ವಾದಿಸಿದರು. 1987ರಲ್ಲಿ ಸಿಂಡಿ ಹಝಾನ್ ಮತ್ತು ಫಿಲಿಪ್ ಶೇವರ್ ಈ ಮೂರು ಬಗೆಗಳನ್ನು ಗಂಡು ಹೆಣ್ಣಿನ ಪ್ರೀತಿಯಲ್ಲೂ ತೋರಿಸಿದರು. 2006ರಲ್ಲಿ ಜೇಮ್ಸ್ ಕೋನ್ ಎಂಬವರು ಹದಿನಾರು ವಿವಾಹಿತ ಹೆಂಗಸರನ್ನು ಮೆದುಳಿನ ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ, ಈಗ ಸಣ್ಣ ಕರೆಂಟ್ ಶಾಕ್ ಕೊಡಬಹುದು ಎಂದು ಸೂಚನೆ ಕೊಟ್ಟರು. ಯಾರ ಕೈಯೂ ಹಿಡಿಯದಿದ್ದಾಗ, ಅಪರಿಚಿತರ ಕೈ ಹಿಡಿದಾಗ, ಗಂಡನ ಕೈ ಹಿಡಿದಾಗ ಎಂದು ಹೋಲಿಸಿದರು. ಅಪಾಯಕ್ಕೆ ಮೆದುಳು ತೋರಿಸುವ ಚಡಪಡಿಕೆ ಗಂಡನ ಕೈ ಹಿಡಿದಾಗ ಎಲ್ಲಕ್ಕಿಂತ ಕಡಿಮೆ. ದಾಂಪತ್ಯ ಚೆನ್ನಾಗಿದ್ದವರಲ್ಲಿ ಇನ್ನೂ ಕಡಿಮೆ. ಹಾಗಾಗಿ ನಿಮ್ಮ ‘ಬೇಕು’ ಮೈಯೊಳಗೇ ಇರುವಂಥದ್ದು. ಅದನ್ನು ಅಧ್ಯಾತ್ಮದ ಹೆಸರಿನಲ್ಲಿ ಒತ್ತಿಬಿಡುವುದನ್ನು ಜಾನ್ ವೆಲ್‌ವುಡ್ ಎಂಬ ಮನಶ್ಶಾಸ್ತ್ರಜ್ಞ 1984ರಲ್ಲೇ ಎಚ್ಚರಿಸಿದ್ದರು. ಗಾಯಕ್ಕೆ ಮದ್ದು ಹಚ್ಚದೆ ಪಕ್ಕದ ದಾರಿಯಲ್ಲಿ ಹಾದುಹೋಗುವುದು ಎಂಬ ಅರ್ಥದಲ್ಲಿ ಅವರು ಅದಕ್ಕೊಂದು ಹೆಸರೂ ಕೊಟ್ಟರು.

ಇಲ್ಲಿ ನೀವು ಕೇಳಬಹುದು: ಹಾಗಾದರೆ ರಾಗ ಕ್ಲೇಶ ಎಂದು ಪತಂಜಲಿ ಹೇಳಿದ್ದೇಕೆ? ಸುಖದ ನೆನಪಿಗೆ ಅಂಟಿ ಮಲಗಿರುವುದೇ ರಾಗ ಎಂದು ಸೂತ್ರ. ಅದೇ ಬೇಕು, ಈಗಲೇ ಬೇಕು, ಸಿಗದಿದ್ದರೆ ನಾನು ಉಳಿಯಲಾರೆ ಎಂಬ ಅಂಟು ಅದು. ಮದುವೆಯಾದ ಹೊಸತರಲ್ಲಿ ಅವರು ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದರು ಎಂಬ ನೆನಪಿಗೆ ಇವತ್ತಿನ ಮನುಷ್ಯನನ್ನು ಕಟ್ಟಿಹಾಕುವುದು ರಾಗ. ‘ವಾರಕ್ಕೆ ಮೂರು ದಿನ ನಿಮ್ಮ ದನಿ ಕೇಳಬೇಕು’ ಎನ್ನುವುದನ್ನು ನಾನು ರಾಗ ಎನ್ನಲಾರೆ. ಎಲ್ಲ ಆಚಾರ್ಯರೂ ಇದನ್ನು ಹೀಗೆ ಒಪ್ಪುತ್ತಾರೆ ಎಂದಲ್ಲ. ಇಷ್ಟು ವರ್ಷ ಕಲಿಸಿ, ಸಂಸಾರಸ್ಥರ ಮಾತು ಕೇಳಿ ನನಗೆ ಬಂದ ತಿಳಿವಳಿಕೆ ಇದು.

ದೇವರು ಗಂಡನ ಜಾಗ ತುಂಬುವುದಿಲ್ಲ, ಗಂಡ ದೇವರ ಜಾಗ ತುಂಬುವುದಿಲ್ಲ. ಆದರೆ ಒಂದು ಕಡೆಯ ಆಸರೆ ಇನ್ನೊಂದು ಕಡೆಗೆ ಸಹಾಯ ಮಾಡುತ್ತದೆ. ಭಕ್ತರ ಪಾಲಿಗೆ ದೇವರೂ ಮಗುವಿಗೆ ತಾಯಿ ಇದ್ದ ಹಾಗೆ ಭದ್ರ ನೆಲೆಯಾಗಬಲ್ಲ ಎಂದು ಲೀ ಕಿರ್ಕ್‌ಪ್ಯಾಟ್ರಿಕ್ ಎಂಬವರು 1990ರ ಸುಮಾರಿಗೆ ಬರೆಯತೊಡಗಿದರು. ಅದನ್ನು ಓದುವ ಮೊದಲೇ ನಾನು ವ್ಯಾಸಭಾಷ್ಯದಲ್ಲಿ ಈಶ್ವರಪ್ರಣಿಧಾನ ಮಾಡಿದವನ ಚಿತ್ರ ನೋಡಿದ್ದೆ: ‘ಶಯ್ಯಾಸನಸ್ಥೋಽಥ ಪಥಿ ವ್ರಜನ್ವಾ ಸ್ವಸ್ಥಃ ಪರಿಕ್ಷೀಣವಿತರ್ಕಜಾಲಃ’. ಹಾಸಿಗೆಯಲ್ಲಿರಲಿ, ಕೂತಿರಲಿ, ದಾರಿಯಲ್ಲಿ ನಡೆಯುತ್ತಿರಲಿ, ಸ್ವಸ್ಥ. ಸಂಶಯದ ಬಲೆ ಕಳಚಿಬಿದ್ದವನು. ಸ್ವಸ್ಥ ಎಂದರೆ ತನ್ನಲ್ಲಿ ತಾನು ನಿಂತವನು. ಸಮಾಧಿಯಲ್ಲಿ ಕೂತವನನ್ನು ತೋರಿಸಬಹುದಿತ್ತು. ಭಾಷ್ಯ ಮೊದಲು ತೋರಿಸಿದ್ದು ಹಾಸಿಗೆಯನ್ನು. ರಾತ್ರಿ ಫೋನಿನ ಬೆಳಕಿನಲ್ಲಿ ನೀವು ಎದ್ದು ಕೂರುತ್ತಿದ್ದ ಅದೇ ಜಾಗ. ಹೀಗೆ ನಿಂತವಳಿಗೆ ಕೇಳುವ ಧೈರ್ಯ ಬರುತ್ತದೆ, ಯಾಕೆಂದರೆ ‘ಇಲ್ಲ’ ಎಂಬ ಉತ್ತರ ಬಂದರೂ ಕಾಲಡಿಯ ನೆಲ ಹೋಗುವುದಿಲ್ಲ.

ಈಗ ಕೆಲಸದ ಮಾತು. ಕೇಳಲು ಶುರು ಮಾಡಿ, ಆದರೆ ಮೆಸೇಜಿನಲ್ಲಿ ಬೇಡ, ಜಗಳದ ನಡುವೆಯೂ ಬೇಡ. ಇಲ್ಲಿ ರಾತ್ರಿ ಹತ್ತು ಗಂಟೆ ಎಂದರೆ ಅಲ್ಲಿ ಎಂಟೂವರೆ. ಅವರ ರಜೆಯ ಹಿಂದಿನ ರಾತ್ರಿ ಆರಿಸಿಕೊಳ್ಳಿ. ಕರೆಗೆ ಹದಿನೈದು ನಿಮಿಷ ಮೊದಲು ಫೋನನ್ನು ಬೇರೆ ಕೋಣೆಯಲ್ಲಿಟ್ಟು ಕೂರಿ. ಉಸಿರನ್ನು ಎಳೆಯುವುದಕ್ಕಿಂತ ಎರಡು ಪಟ್ಟು ನಿಧಾನವಾಗಿ ಹೊರಗೆ ಬಿಡಿ, ಒತ್ತಾಯ ಬೇಡ. ರೇಚಕದಿಂದ ಚಿತ್ತ ತಿಳಿಯಾಗುತ್ತದೆ ಎಂದು ಮೊದಲ ಪಾದದ 34ನೆಯ ಸೂತ್ರ. ಆಮೇಲೆ ಓಂಕಾರ, ಅಥವಾ ನಿಮಗೆ ರೂಢಿಯಿದ್ದ ನಾಮ. ‘ತಜ್ಜಪಸ್ತದರ್ಥಭಾವನಮ್’ ಎಂದಿದೆಯಲ್ಲ, ಬಾಯಿಯ ಜೊತೆ ಅರ್ಥವನ್ನೂ ಇಟ್ಟುಕೊಳ್ಳಿ: ಹೇಳುವುದು ನನ್ನದು, ಆಮೇಲಿನದು ನಿನ್ನದು. ಕರೆ ಮಾಡಿ, ದೂರು ಹೇಳದೆ ಬೇಕಾದ್ದನ್ನು ಹೇಳಿ. ‘ನಿಮಗೆ ನನ್ನ ನೆನಪೇ ಇಲ್ಲ’ ಎಂದರೆ ಅವರು ವಾದಕ್ಕೆ ಇಳಿಯುತ್ತಾರೆ. ‘ಎರಡು ದಿನ ನಿಮ್ಮ ಸುದ್ದಿ ಇಲ್ಲದಿದ್ದರೆ ನನಗೆ ಎದೆ ಹಿಡಿದುಕೊಳ್ಳುತ್ತದೆ, ನಿದ್ದೆ ಬರುವುದಿಲ್ಲ. ವಾರದಲ್ಲಿ ಮೂರು ರಾತ್ರಿ ಹತ್ತು ನಿಮಿಷ ನನ್ನ ಜೊತೆ ಮಾತಾಡಿ, ಮಕ್ಕಳದ್ದಲ್ಲ, ತೋಟದ್ದಲ್ಲ, ನಮ್ಮದು’ ಎನ್ನಿ. ನಿಮಗೆ ಸಾಲುವ ಹಾಗೆ ಬದಲಿಸಿಕೊಳ್ಳಿ. ನಾಲ್ಕು ತಿಂಗಳು ಯಾಕೆ ಸುಮ್ಮನಿದ್ದಿರಿ ಎಂಬುದನ್ನೂ ಹೇಳಿ. ಅವರು ಅದನ್ನು ಹೆಂಡತಿಗೆ ಸಮಾಧಾನವಾಯಿತು ಎಂದುಕೊಂಡಿರುವ ಸಾಧ್ಯತೆಯೇ ಹೆಚ್ಚು. ಅವರಿಗೇನು ಬೇಕು ಎಂದೂ ಕೇಳಿ. ಹನ್ನೊಂದು ವರ್ಷ ದೂರ ಇದ್ದವರನ್ನು ‘ಹಣ ಬಂತಾ’ ಎಂಬುದರಾಚೆ ಯಾರಾದರೂ ಏನಾದರೂ ಕೇಳಿದ್ದಾರೋ ಇಲ್ಲವೋ.

ಅಷ್ಟು ಹೇಳಿದ ಮೇಲೆ ಇಳಿಸಿಡಿ. ಆ ರಾತ್ರಿ ಅವರ ದನಿಯ ಏರಿಳಿತವನ್ನು ಎಣಿಸುತ್ತಾ ಮಲಗಬೇಡಿ. ಇಳಿಸುವುದಕ್ಕೆ ಸರಿಯಾದ ಜಾಗ ಇದು, ಹೇಳುವ ಮೊದಲು ಅಲ್ಲ. ಒಂದೇ ಕರೆಯಲ್ಲಿ ಹನ್ನೊಂದು ವರ್ಷದ ಅಭ್ಯಾಸ ಬದಲಾಗದು. ತಿಂಗಳು ಬಿಟ್ಟು ಮತ್ತೆ ಕೇಳಬೇಕಾಗಬಹುದು. ಕೊಳೆರೋಗದ ಮದ್ದಿಗೂ ಒಂದು ಸಲ ಸಾಲುವುದಿಲ್ಲ, ನಲವತ್ತು ದಿನ ಕಳೆದು ಇನ್ನೊಂದು ಸಲ ಬಿಡುತ್ತೇವೆ.

ಗಂಡ ಕೆಟ್ಟವರಲ್ಲ ಎಂದು ಬರೆದಿದ್ದೀರಿ, ಅದನ್ನು ನಂಬಿಯೇ ಇಷ್ಟು ಹೇಳಿದೆ. ಇದೇ ಪ್ರಶ್ನೆ ಇಟ್ಟುಕೊಂಡ ಬೇರೆಯವರೂ ಓದುತ್ತಿರಬಹುದು, ಅವರಿಗಾಗಿ ಒಂದು ಮಾತು. ಹೊಡೆತ, ಬೆದರಿಕೆ, ಹೀಯಾಳಿಕೆ, ಖರ್ಚಿಗೆ ಹಣ ತಡೆಹಿಡಿಯುವುದು ನಡೆಯುತ್ತಿದ್ದರೆ ಅಲ್ಲಿ ಶರಣಾಗತಿಯ ಮಾತೇ ಎತ್ತಬಾರದು. ಯೋಗದ ಮೊದಲ ಅಂಗವಾದ ಯಮಗಳಲ್ಲಿ ಮೊದಲನೆಯದು ಅಹಿಂಸೆ, ಅದು ನಿಮ್ಮ ದೇಹಕ್ಕೂ ಸೇರಿದ್ದು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಮಾತಿನ ಹಿಂಸೆಯನ್ನೂ ಆರ್ಥಿಕ ಹಿಂಸೆಯನ್ನೂ ಹಿಂಸೆ ಎಂದೇ ಎಣಿಸುತ್ತದೆ. ಮಹಿಳಾ ಸಹಾಯವಾಣಿ 181. ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416, ಹಗಲು ರಾತ್ರಿ ಉಚಿತ, ಕರೆ ಮಾಡಿದಾಗ ಭಾಷೆ ಆರಿಸಿಕೊಳ್ಳಬಹುದು.

ನಿಮ್ಮ ಯೋಗ ತರಗತಿ ಬಿಡಬೇಡಿ. ಗುರುಗಳಿಗೆ ‘ಫಲಸಂನ್ಯಾಸ ಎಂದರೆ ಕ್ರಿಯೆಯನ್ನೂ ಬಿಡುವುದೇ?’ ಎಂದು ಮರ್ಯಾದೆಯಿಂದ ಕೇಳಿ ನೋಡಿ. ಒಳ್ಳೆಯ ಗುರುವಾದರೆ ಆ ಪ್ರಶ್ನೆಯಿಂದ ಸಂತೋಷಪಡುತ್ತಾರೆ. ಇನ್ನೊಂದು, ಹೆಗಲ ಬಿಗಿತ ಮತ್ತು ನಿದ್ದೆಯ ತೊಂದರೆ ನಾಲ್ಕು ತಿಂಗಳಿಂದ ಇದ್ದರೆ ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವುದು ಬೇಡ. ಪತಂಜಲಿ ಹೇಳಿದ ಒಂಬತ್ತು ಅಂತರಾಯಗಳಲ್ಲಿ, ಅಂದರೆ ಅಡ್ಡಿಗಳಲ್ಲಿ, ಮೊದಲನೆಯದೇ ವ್ಯಾಧಿ. ವೈದ್ಯರ ಹತ್ತಿರ ಹೋಗಿ ರಕ್ತ, ಥೈರಾಯ್ಡ್ ನೋಡಿಸಿ. ಆ ಕರೆ ಮಾಡಿದ ಮೇಲೆ ನನಗೆ ಬರೆಯಿರಿ. ಅವರು ಏನೂ ಹೇಳದೆ ಫೋನ್ ಇಟ್ಟರೂ ಬರೆಯಿರಿ.